ಹಂದಿಗೆ ಕೋವಿ ಎತ್ತುವ ಮೊದಲು ಕಾಗದಕ್ಕೆ ಐದು ಈಡು

ಸಂಪಾದಕರಿಗೆ,

ಕಾಡುಹಂದಿ ಕೊಲ್ಲಲು ಅನುಮತಿ ಕೊಡುವ ಅಧಿಕಾರ ಕೇರಳದಲ್ಲಿ 2022ರ ಮೇ ತಿಂಗಳಿನಿಂದ ಸ್ಥಳೀಯಾಡಳಿತದ ಕೈಗೆ ಬಂದಿದೆ. ಪಂಚಾಯತ್ ಅಧ್ಯಕ್ಷರೇ ಗೌರವ ವನ್ಯಜೀವಿ ಪಾಲಕರು. ಅವರು ಒಪ್ಪಿದರೆ ಪರವಾನಗಿ ಕೋವಿ ಇರುವವರು ಈಡು ಹೊಡೆಯಬಹುದು. ವಿಷ, ಸಿಡಿಮದ್ದು, ಕರೆಂಟ್ ತಂತಿ ಕೂಡದು. ಇಷ್ಟು ಎಲ್ಲರಿಗೂ ಗೊತ್ತು. ಆದರೆ ನಮ್ಮ ಕಾಸರಗೋಡಿನಲ್ಲಿ ಮಾತೆಲ್ಲ ಹೊಡೆಯುವವರು ಯಾರು, ಕೂಲಿ ಎಷ್ಟು, ಹೂಳುವ ಗುಂಡಿ ತೋಡುವವರು ಯಾರು ಎಂಬಲ್ಲಿಗೇ ಮುಗಿಯುತ್ತದೆ. ಯಾವ ಕೋವಿ, ಯಾವ ತೋಟಾ, ಎಷ್ಟು ದೂರಕ್ಕೆ ಎಂದು ಕೇಳುವವರಿಲ್ಲ. ಹೊಡೆಯುವವರ ಪಟ್ಟಿಗೆ ಹೆಸರು ಸೇರಿಸುವಾಗ ಪರವಾನಗಿ ಪುಸ್ತಕ ನೋಡುತ್ತಾರೆ, ಕೋವಿ ಎಲ್ಲಿಗೆ ಹೊಡೆಯುತ್ತದೆ ಎಂದು ನೋಡುವುದಿಲ್ಲ. ಅರೆಗಾಯವಾಗಿ ಓಡಿದ ಹಂದಿ ಮರುದಿನ ಬೆಳ್ಳಂಬೆಳಗ್ಗೆ ರಬ್ಬರ್ ಟ್ಯಾಪಿಂಗಿಗೆ ಹೋದವನ ಎದುರಿಗೆ ಏಳುತ್ತದೆ. ಕೋವಿಯಿಂದ ಮೊದಲು ಕಾಗದಕ್ಕೆ ಹೊಡೆದು ನೋಡಿದ್ದರೆ ಇಂಥ ಅರೆಗಾಯಗಳಲ್ಲಿ ಹೆಚ್ಚಿನವು ಆಗುತ್ತಿರಲಿಲ್ಲ.

ಈಗ ಇನ್ನೊಂದು ತಾಪತ್ರಯ, ಮೊಬೈಲಿನಲ್ಲಿ ಬರುವ ಹೊರದೇಶದ ಹೆಬ್ಬಾತು ಬೇಟೆಯ ವಿಡಿಯೋಗಳು. ಅಲ್ಲಿ ಬಿಬಿ ಎಂಬ ಸಣ್ಣ ಚರೆ, ಬಿಗಿ ಚೋಕ್ (ನಳಿಗೆಯ ತುದಿ ಕಿರಿದಾಗಿರುವುದು), ಮೂರೂವರೆ ಇಂಚಿನ ತೋಟಾ. ಅದನ್ನು ನೋಡಿ ‘ನಮಗೂ ಬಿಬಿ ಸಾಕು’ ಎನ್ನುವವರು ಹುಟ್ಟಿಕೊಂಡಿದ್ದಾರೆ. ನಮ್ಮಲ್ಲಿ ಹೆಬ್ಬಾತಿಗೆ ಕೋವಿ ತೋರಿಸುವುದೇ ಅಪರಾಧ. ಗದಗದ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಬರುವ ಪಟ್ಟೆತಲೆ ಹೆಬ್ಬಾತನ್ನು ದೂರದಿಂದ ನೋಡಿ ಬರಬೇಕು, ಅಷ್ಟೆ. ಅಮೆರಿಕದಲ್ಲಿ ನೀರುಹಕ್ಕಿಗೆ ಸೀಸದ ಚರೆ 1991ರಿಂದ ದೇಶವಿಡೀ ನಿಷೇಧ. ಅಲ್ಲಿಯವರು ಹೊಡೆಯುವುದು ಹೆಚ್ಚಾಗಿ ಉಕ್ಕಿನ ಚರೆ. ಉಕ್ಕು ಸೀಸಕ್ಕಿಂತ ಹಗುರ. ಸೀಸದ 4 ನಂಬರ್ ಮಾಡುವ ಕೆಲಸಕ್ಕೆ ಉಕ್ಕಿನ 2 ನಂಬರ್ ಬೇಕು, ಅಂದರೆ ಎರಡು ಅಳತೆ ದಪ್ಪ. ಆ ಬಿಬಿಯ ಲೆಕ್ಕ ಹಾರುವ ಹಕ್ಕಿಯ ಲೆಕ್ಕ. ಅದೂ ಅಲ್ಲದೆ, ಉಕ್ಕಿನ ಚರೆಯನ್ನು ಹಳೆಯ ಜೋಡುನಳಿಗೆಯ ಬಿಗಿ ಚೋಕ್ ಮೂಲಕ ಹಾಯಿಸಿದರೆ ನಳಿಗೆಯ ತುದಿ ಉಬ್ಬೀತು.

ಹಾಗೆಂದು ಅವರಿಂದ ಕಲಿಯಲು ಏನೂ ಇಲ್ಲವೆಂದಲ್ಲ. ತೋಟಾವನ್ನು ಡಬ್ಬಿಯ ಬರಹ ನೋಡಿ ನಂಬದೆ ಕಾಗದಕ್ಕೆ ಹೊಡೆದು ಚರೆ ಎಣಿಸುವ ಪದ್ಧತಿ ಹಕ್ಕಿಬೇಟೆಯವರದ್ದೇ. 40 ಗಜ, ಅಂದರೆ ಸುಮಾರು 36.5 ಮೀಟರ್ ದೂರದಲ್ಲಿ 30 ಇಂಚಿನ ವೃತ್ತ. ಅದರೊಳಗೆ ಶೇಕಡಾ ಎಷ್ಟು ಚರೆ ಬಿತ್ತು ಎಂಬುದು ಲೆಕ್ಕ. ಚೋಕ್ ಇಲ್ಲದ ಸಿಲಿಂಡರ್ ನಳಿಗೆಗೆ ಸುಮಾರು 40, ಕಾಲು ಚೋಕಿಗೆ 50, ಅರ್ಧಕ್ಕೆ 60, ಪೂರ್ತಿ ಚೋಕಿಗೆ 70. ನಮಗೆ ಬೇಕಾದದ್ದು ಈ ರೀತಿ ಮಾತ್ರ, ದೂರವೂ ಅಲ್ಲ, ಚರೆಯ ಅಳತೆಯೂ ಅಲ್ಲ.

ಚರೆಯ ವಿಷಯಕ್ಕೆ ಬರೋಣ. ನಮ್ಮಲ್ಲಿ ಸಿಗುವ ತೋಟಾಗಳ ಮೇಲೆ ಇಂಗ್ಲಿಷ್ ಪದ್ಧತಿಯ ಹೆಸರಿರುತ್ತದೆ. ಒಂದು ಔನ್ಸಿಗೆ, ಅಂದರೆ 28 ಗ್ರಾಮಿಗೆ, ಎಲ್‌ಜಿ ಚರೆ 6, ಎಸ್‌ಜಿ 8, ಬಿಬಿ 70. ಒಂದು ಎಲ್‌ಜಿ ಗುಂಡಿನ ತೂಕ ನಾಲ್ಕೂಮುಕ್ಕಾಲು ಗ್ರಾಮಿನ ಹತ್ತಿರ, ಎಸ್‌ಜಿ ಮೂರೂವರೆ ಗ್ರಾಮ್. ಬಿಬಿ ಅರ್ಧ ಗ್ರಾಮೂ ಇಲ್ಲ. ಬಲಿತ ಗಂಡುಹಂದಿಯ ಹೆಗಲ ಮೇಲೆ ಗುರಾಣಿಯಂತೆ ಗಟ್ಟಿಯಾದ ದಪ್ಪ ಪದರ ಇರುತ್ತದೆ, ಅದರ ಮೇಲೆ ಒಣಗಿದ ಕೆಸರು. ಬಿಬಿ ಅಲ್ಲೇ ನಿಲ್ಲುತ್ತದೆ. ಹಂದಿ ಸಾಯುವುದಿಲ್ಲ, ಕೀವು ತುಂಬಿ ವಾರಗಟ್ಟಲೆ ನರಳುತ್ತದೆ. ಬಿಬಿಯನ್ನು ಹಂದಿಗೆ ಹೊಡೆಯುವವನ ಹೆಸರನ್ನು ಪಟ್ಟಿಯಿಂದ ತೆಗೆಯಬೇಕು ಎಂಬುದೇ ನಮ್ಮ ಅಭಿಪ್ರಾಯ.

ಎಲ್‌ಜಿಯೋ ಎಸ್‌ಜಿಯೋ ಎಂಬ ಜಗಳಕ್ಕೆ ಉತ್ತರ ಕೋವಿಯೇ ಹೇಳಬೇಕು. ಚೋಕ್ ಇಲ್ಲದ ನಳಿಗೆಯಲ್ಲಿ ದಪ್ಪ ಚರೆ ಅಂದಾಜು ಗಜಕ್ಕೊಂದು ಇಂಚಿನಂತೆ ಹರಡುತ್ತದೆ. ಒಂಬತ್ತು ಗುಂಡಿನ ಎಸ್‌ಜಿ ತೋಟಾ 30 ಗಜದಲ್ಲಿ 30 ಇಂಚಿನ ವೃತ್ತವಾಯಿತು ಎಂದುಕೊಳ್ಳಿ. ಹಂದಿಯ ಎದೆಗೂಡಿನಲ್ಲಿ ನಮಗೆ ಬೇಕಾದ ಜಾಗ ಹತ್ತಿಂಚಿನ ವೃತ್ತ. ಹತ್ತಿಂಚಿನ ವೃತ್ತ ಮೂವತ್ತರ ಒಂಬತ್ತನೆಯ ಒಂದು ಪಾಲು, ಅಂದರೆ ಒಂಬತ್ತು ಗುಂಡಿನಲ್ಲಿ ಅಲ್ಲಿಗೆ ಬೀಳುವುದು ಒಂದು! 20 ಗಜಕ್ಕೆ ಬಂದರೆ ಎರಡು ಚಿಲ್ಲರೆ, 15 ಗಜಕ್ಕೆ ನಾಲ್ಕು. ನಡುವೆ ದಟ್ಟ, ಅಂಚಿಗೆ ವಿರಳ ಇರುವುದರಿಂದ ನಿಜದಲ್ಲಿ ಇದಕ್ಕಿಂತ ಸ್ವಲ್ಪ ಹೆಚ್ಚು ಬಿದ್ದೀತು. ಆದರೂ 40 ಗಜಕ್ಕೆ ಎಸ್‌ಜಿ ಹೊಡೆದು ‘ತಾಗಿದೆ, ರಕ್ತ ಬಿದ್ದಿದೆ’ ಎಂದು ಹೇಳುವವರು ಈ ಭಾಗಾಕಾರವನ್ನು ಒಮ್ಮೆ ಮಾಡಲಿ.

ಚೋಕ್ ಎಂದರೆ ನಳಿಗೆಯ ಕೊನೆಯ ಎರಡು ಮೂರು ಇಂಚಿನಲ್ಲಿರುವ ಕಿರಿದಾಗುವಿಕೆ. 12 ಬೋರ್ ಎಂಬ ಗಾತ್ರದ ನಳಿಗೆಯ ಒಳ ಅಳತೆ ಲೆಕ್ಕಕ್ಕೆ 18.5 ಮಿಲಿಮೀಟರ್. ಅರ್ಧ ಚೋಕಿನಲ್ಲಿ ತುದಿ ಅದಕ್ಕಿಂತ ಅರ್ಧ ಮಿಲಿಮೀಟರಿನಷ್ಟು ಕಿರಿದು, ಪೂರ್ತಿ ಚೋಕಿನಲ್ಲಿ ಒಂದು ಮಿಲಿಮೀಟರಿನಷ್ಟು. ತುದಿಗೆ ವರ್ನಿಯರ್ ಹಿಡಿದು ಅಳೆದರೆ ಸಾಲದು. ಹಳೆಯ ಕೋವಿಗಳ ಒಳ ಅಳತೆಯೇ ಒಂದರಿಂದೊಂದಕ್ಕೆ ಬೇರೆ ಇರುತ್ತದೆ, ಚೋಕ್ ಎಂದರೆ ಇವೆರಡರ ವ್ಯತ್ಯಾಸ. ಯುರೋಪಿನ ಕೋವಿಗಳಲ್ಲಿ ನಕ್ಷತ್ರದ ಗುರುತು ಇರುತ್ತದೆ: ಒಂದು ನಕ್ಷತ್ರ ಪೂರ್ತಿ ಚೋಕ್, ಮೂರು ಅರ್ಧ, ನಾಲ್ಕು ಕಾಲು. ಹೆಚ್ಚು ಚುಕ್ಕಿ ಹೆಚ್ಚು ಬಿಗಿ ಎಂದು ತಿರುಗುಮುರುಗು ತಿಳಿದವರು ಬಹಳ. ತುದಿ ಜಜ್ಜಿದೆಯೆಂದು ಎಂದೋ ಎರಡಿಂಚು ಕೊಯ್ಸಿದ ನಳಿಗೆಯಲ್ಲಿ ಗುರುತು ಪೂರ್ತಿ ಚೋಕಿನದ್ದೇ ಉಳಿದಿರುತ್ತದೆ, ಚೋಕ್ ಮಾತ್ರ ಹೋಗಿರುತ್ತದೆ. ಇನ್ನು ದಪ್ಪ ಚರೆಗೆ ಪೂರ್ತಿ ಚೋಕೇ ಒಳ್ಳೆಯದೆಂಬ ನಂಬಿಕೆಯೂ ಅರೆಸತ್ಯ. ಎಲ್‌ಜಿ ಗುಂಡುಗಳು ಒಂದಕ್ಕೊಂದು ಒತ್ತಿ, ಚಪ್ಪಟೆಯಾಗಿ, ಅಡ್ಡಾದಿಡ್ಡಿ ಹಾರುವುದುಂಟು. ಅದೇ ಕೋವಿಯ ಬಲನಳಿಗೆಯ ಅರ್ಧ ಚೋಕ್ ಎಡನಳಿಗೆಗಿಂತ ಚೊಕ್ಕವಾಗಿ ಹೊಡೆಯುವುದೂ ಉಂಟು. ಒಂಟಿಗುಂಡಿನ ತೋಟಾ ಹಾಕುವವರು ಇನ್ನೂ ಜಾಗ್ರತೆ ವಹಿಸಬೇಕು; ಇಂಗ್ಲೆಂಡಿನ ಹಳೆಯ ಕೆಲವು ಕೋವಿಗಳ ಮೇಲೆ ‘ನಾಟ್ ಫಾರ್ ಬಾಲ್’ (ಒಂಟಿಗುಂಡಿಗಲ್ಲ) ಎಂದು ಒತ್ತಿದ್ದು ಸುಮ್ಮನೆ ಅಲ್ಲ.

ಪರೀಕ್ಷೆಗೆ ಬೇಕಾದ್ದು ನಾಲ್ಕಡಿ ಚದರದ ಖಾಕಿ ಕಾಗದ, ಅಡಿಕೆಯ ಸಲಾಕೆಯ ಒಂದು ಚೌಕಟ್ಟು, ಅಳತೆಪಟ್ಟಿ, ಮರಳಿನ ಚೀಲ. ಹಳೆಯ ದಿನಪತ್ರಿಕೆ ಅಂಟಿಸಿದರೂ ಆಗುತ್ತದೆ, ಆದರೆ ಅಕ್ಷರಗಳ ನಡುವೆ ತೂತು ಕಾಣುವುದಿಲ್ಲ (ಸಂಪಾದಕರು ಬೇಸರಿಸಬಾರದು). ದೂರವನ್ನು ಹೆಜ್ಜೆಯಲ್ಲಿ ಅಳೆಯಬೇಡಿ. ಗುಡ್ಡೆಯ ಇಳಿಜಾರಿನಲ್ಲಿ 25 ಹೆಜ್ಜೆ 18 ಮೀಟರೂ ಆದೀತು. ನಡುವೆ ಮುಷ್ಟಿಗಾತ್ರದ ಕಪ್ಪು ಗುರುತು ಹಾಕಿ, ಕೂತು, ಚೀಲದ ಮೇಲೆ ಕೈ ಊರಿ, ಕೋವಿಯ ತುದಿಯಿಂದ 15 ಮೀಟರಿಗೆ ಒಂದು ಈಡು. ಮುಂದಿನ ಈಡಿಗೆ ಬೇರೆ ಕಾಗದ. ಒಂದು ನಳಿಗೆ, ಒಂದು ಬಗೆಯ ತೋಟಾ, ಒಂದು ದೂರಕ್ಕೆ ಐದು ಕಾಗದ. ಎರಡಕ್ಕೆ ಮುಗಿಸುವವರುಂಟು, ತೋಟಾ ದುಬಾರಿ, ಪರವಾನಗಿಯಲ್ಲಿ ಎಣಿಕೆಯ ಮಿತಿ ಬೇರೆ. ಆದರೆ ದಪ್ಪ ಚರೆಯಲ್ಲಿ ಈಡಿನಿಂದ ಈಡಿಗೆ ಬಹಳ ಏರುಪೇರು, ಎರಡು ಕಾಗದ ಏನನ್ನೂ ಹೇಳುವುದಿಲ್ಲ.

ಕಾಗದದಲ್ಲಿ ನೋಡಬೇಕಾದ್ದು ಎರಡು. ಮೊದಲನೆಯದು, ಗುಂಪಿನ ನಡು ಕಪ್ಪು ಗುರುತಿನ ಮೇಲೆಯೇ ಇದೆಯೇ. ಜೋಡುನಳಿಗೆಗಳಲ್ಲಿ ಒಂದು ನಳಿಗೆ ಅರ್ಧ ಅಡಿ ಬದಿಗೆ ಹೊಡೆಯುವುದು ಅಪರೂಪವಲ್ಲ. ತಲೆಗೆ ಕಟ್ಟಿದ ಟಾರ್ಚಿನ ಬೆಳಕಿನಲ್ಲಿ ಕೆನ್ನೆ ಎತ್ತಿ ಹೊಡೆದರೆ ಗುಂಪು ಮೇಲೆ ಹೋಗುತ್ತದೆ. ಹಾಗಾಗಿ ಹಗಲಿನ ಪರೀಕ್ಷೆ ಮುಗಿದ ಮೇಲೆ ಕತ್ತಲಲ್ಲೂ, ಹಂದಿಗೆ ಹೋಗುವಾಗ ಕಟ್ಟುವ ಅದೇ ಬೆಳಕಿನಲ್ಲಿ, ಒಂದು ಸುತ್ತು ಹೊಡೆಯಬೇಕು. ಎರಡನೆಯದು, ಗುರುತಿನ ಸುತ್ತ ಬರೆದ ಹತ್ತಿಂಚಿನ ವೃತ್ತದೊಳಗೆ ಎಷ್ಟು ಗುಂಡು. ಇಲ್ಲಿ ಸರಾಸರಿ ತೆಗೆಯಬಾರದು, ಐದರಲ್ಲಿ ಅತಿ ಕೆಟ್ಟ ಕಾಗದವನ್ನೇ ಹಿಡಿಯಬೇಕು. ಅದರಲ್ಲಿ ಎಸ್‌ಜಿಯ ನಾಲ್ಕು, ಎಲ್‌ಜಿಯ ಮೂರು ಗುಂಡು ಇದ್ದರೆ ದೂರವನ್ನು 20ಕ್ಕೆ, ಮತ್ತೆ 25ಕ್ಕೆ ಏರಿಸಿ. ಕಡಿಮೆಯಾದಲ್ಲಿ ನಿಲ್ಲಿಸಿ, ಅದರ ಹಿಂದಿನ ದೂರವೇ ಆ ಕೋವಿಯ ಮಿತಿ. 30 ಮೀಟರ್ ದಾಟುವ ಕೋವಿ ತೀರ ವಿರಳ. ಹೃದಯ ಇರುವುದು ಮುಂಗಾಲಿನ ಹಿಂದೆ, ಎದೆಯ ಕೆಳಭಾಗದಲ್ಲಿ. ಬೆನ್ನಿನ ಕೂದಲಿಗೆ ಗುರಿ ಇಟ್ಟರೆ ಇಷ್ಟು ಪರೀಕ್ಷೆಯೂ ವ್ಯರ್ಥ.

ಪರೀಕ್ಷೆಗೆ ಮುಂಚೆ ಕೋವಿ ಬಿಚ್ಚಿ ನಳಿಗೆಯ ಅಡಿಯ ಮುದ್ರೆ ಓದಬೇಕು. ಹಳೆಯ ಇಂಗ್ಲಿಷ್ ಕೋವಿಗಳಲ್ಲಿ ತೋಟಾ ಕೂರುವ ಕೋಣೆ ಎರಡೂವರೆ ಇಂಚಿನದು, ಅಂದರೆ 65 ಮಿಲಿಮೀಟರ್. 70 ಮಿಲಿಮೀಟರಿನ ತೋಟಾ ಅದರೊಳಗೆ ಸಲೀಸಾಗಿ ಕೂರುತ್ತದೆ, ಅದೇ ಮೋಸ. ಸಿಡಿದಾಗ ತೋಟಾದ ಮಡಿಚಿದ ಬಾಯಿ ಬಿಚ್ಚಿಕೊಳ್ಳಲು ಜಾಗವಿಲ್ಲದೆ ಒತ್ತಡ ಏರುತ್ತದೆ. ಬಳ್ಳಿ ಚಿತ್ತಾರದ ಡಮಾಸ್ಕಸ್ ನಳಿಗೆ, ಕರಿಮದ್ದಿಗೆ ಮಾತ್ರ ಪರೀಕ್ಷೆಯಾದ ನಳಿಗೆ ಇದ್ದರೆ ಗೋಡೆಯ ಮೇಲೆಯೇ ಇರಲಿ. ಮಳೆಗಾಲದ ತೇವಕ್ಕೆ ಕಾಗದದ ತೋಟಾ ಉಬ್ಬುತ್ತದೆ, ಪ್ಲಾಸ್ಟಿಕ್ಕಿನದಾದರೂ ಹಿತ್ತಾಳೆ ಹಸಿರಾಗುತ್ತದೆ. ಅವನ್ನು ಒತ್ತಿ ತುರುಕಬಾರದು. ಕುದುರೆ ಎಳೆದಾಗ ಸಿಡಿಯದಿದ್ದರೆ ಅರ್ಧ ನಿಮಿಷವಾದರೂ ತುದಿಯನ್ನು ನೆಲದ ಕಡೆ ಹಿಡಿದು ಕಾಯಬೇಕು. ಸದ್ದು ಸಪ್ಪೆಯಾದರೆ ಎರಡನೆಯ ಈಡಿಗೆ ಮೊದಲು ನಳಿಗೆಯೊಳಗೆ ಇಣುಕಬೇಕು, ಮದ್ದಿಗೂ ಚರೆಗೂ ನಡುವೆ ಇರುವ ಬತ್ತಿ ಸಿಕ್ಕಿಕೊಂಡಿರಬಹುದು. ಅಡಿಕೆ ಕೋಣೆಯಲ್ಲಿ ತೂಗುಹಾಕಿದ ಕೋವಿಯ ನಳಿಗೆಯಲ್ಲಿ ಕಣಜ ಮಣ್ಣಿನ ಗೂಡು ಕಟ್ಟುವುದು ಎಲ್ಲರಿಗೂ ಗೊತ್ತು, ಆದರೆ ಪ್ರತಿಸಲ ನೋಡುವವರು ಕಡಿಮೆ. 20 ಬೋರಿನ ತೋಟಾ ಸಪೂರ, 12 ಬೋರಿನ ನಳಿಗೆಯೊಳಗೆ ಜಾರಿ ಕೂರುತ್ತದೆ. ಅದರ ಹಿಂದೆ 12 ಬೋರಿನದನ್ನು ಹಾಕಿದರೆ ನಳಿಗೆ ಒಡೆಯುತ್ತದೆ. ಅದಕ್ಕೇ 20 ಬೋರಿನ ತೋಟಾದ ಬಣ್ಣ ಹಳದಿ.

ಜಾಗದ ಪ್ರಶ್ನೆ ದೊಡ್ಡದು. ಗುಂಡಿನ ವ್ಯಾಸದ ಇಂಚನ್ನು 2200ರಿಂದ ಗುಣಿಸಿದರೆ ಅದು ಹಾರಬಹುದಾದ ಗರಿಷ್ಠ ಗಜ ಎಂಬ ಹಳೆಯ ಲೆಕ್ಕ ಇದೆ. ಎಸ್‌ಜಿಗೆ ಅದು 726 ಗಜ, ಹತ್ತಿರ ಹತ್ತಿರ 660 ಮೀಟರ್. ಬದಿಯಡ್ಕ, ಪೈವಳಿಕೆ, ಬೆಳ್ಳೂರಿನಂಥ ಕಡೆ 660 ಮೀಟರಿನೊಳಗೆ ಮನೆಯಿಲ್ಲದ ದಿಕ್ಕು ಎಲ್ಲಿದೆ? ಆದ್ದರಿಂದ ಹಿಂದೆ ಎತ್ತರದ ಮಣ್ಣಿನ ದಿಬ್ಬ ಇರಲೇಬೇಕು. ಕೈಬಿಟ್ಟ ಕೆಂಪುಕಲ್ಲಿನ ಕೋರೆ ಇದಕ್ಕೆ ಹೇಳಿಮಾಡಿಸಿದಂತೆ ಕಾಣುತ್ತದೆ, ಆದರೆ ಕೊಯ್ದ ಕಲ್ಲಿನ ಗೋಡೆಗೆ ತಾಗಿದ ಗುಂಡು ಪುಟಿದು ವಾಪಸು ಬರುತ್ತದೆ. ಗೋಡೆಯ ಎದುರು ಕಲ್ಲಿಲ್ಲದ ಸಡಿಲ ಮಣ್ಣನ್ನು ಆಳೆತ್ತರ ಒಟ್ಟಿಯೇ ಬಳಸಬೇಕು. ತೋಟದಲ್ಲಿ ಹಂದಿಗೆ ಅಟ್ಟಣಿಗೆಯ ಮೇಲಿಂದ ಕೆಳಮುಖವಾಗಿ ಹೊಡೆಯುವುದೂ ಇದೇ ಕಾರಣಕ್ಕೆ, ತಪ್ಪಿದ್ದು ನೆಲಕ್ಕೆ ಹೋಗಬೇಕು. ಒಂಬತ್ತಡಿಗೊಂದು ಅಡಿಕೆ ಮರ ಇರುವಲ್ಲಿ ಅಗಲಕ್ಕೆ ಹರಡಿದ ಚರೆಯಲ್ಲಿ ಒಂದೆರಡು ಕಾಂಡಕ್ಕೆ ತಾಗಿ ದಿಕ್ಕು ತಪ್ಪುವುದು ಖಂಡಿತ.

ಇವನ್ನು ಒಬ್ಬೊಬ್ಬರೇ ಗುಡ್ಡೆಯಲ್ಲಿ ಮಾಡಲು ಹೊರಟರೆ ಕೇಸಾದೀತು. ಆದ್ದರಿಂದ ಪಂಚಾಯತ್, ಪೊಲೀಸ್ ಠಾಣೆ, ಅರಣ್ಯ ಇಲಾಖೆ ಸೇರಿ ವರ್ಷಕ್ಕೊಮ್ಮೆ, ಮಳೆ ನಿಂತ ಮೇಲೆ, ಒಂದು ಜಾಗ ಗೊತ್ತುಮಾಡಿ ಪಟ್ಟಿಯಲ್ಲಿರುವ ಎಲ್ಲ ಕೋವಿಗಳ ಪರೀಕ್ಷೆ ನಡೆಸಬೇಕು. ಅದಕ್ಕೆ ಖರ್ಚಾಗುವ ತೋಟಾವನ್ನು ಕೋವಿದಾರನ ವರ್ಷದ ಮಿತಿಗೆ ಸೇರಿಸದಂತೆ ಜಿಲ್ಲಾಡಳಿತ ನೋಡಿಕೊಳ್ಳಬೇಕು. ಇಲ್ಲದಿದ್ದರೆ ಯಾರೂ ಐದು ಈಡು ಹೊಡೆಯುವುದಿಲ್ಲ. ಪ್ರತಿ ಕಾಗದದ ಮೂಲೆಯಲ್ಲಿ ಕೋವಿಯ ನಂಬರ್, ಬಲವೋ ಎಡವೋ, ತೋಟಾದ ಹೆಸರು ಮತ್ತು ಡಬ್ಬಿಯ ತಯಾರಿಯ ವರ್ಷ, ದೂರ, ದಿನಾಂಕ ಬರೆದು ಪಂಚಾಯತ್ ಕಡತದಲ್ಲಿಡಲಿ. ಅನುಮತಿ ಪತ್ರದಲ್ಲಿ ಕೋವಿದಾರನ ಹೆಸರಿನ ಪಕ್ಕ ಅವನ ಕೋವಿಯ ಮಿತಿ ಎಷ್ಟು ಮೀಟರ್ ಎಂದೂ ಒಂದು ಸಾಲು ಇರಲಿ. ತೋಟಾದ ತಯಾರಿ ಬದಲಾದರೆ ಹಳೆಯ ಕಾಗದ ರದ್ದು, ಹೊಸದಾಗಿ ಐದು ಈಡು.

— ಪರವಾನಗಿ ಕೋವಿ ಇರುವ ಕೆಲವು ಕೃಷಿಕರು, ಎಣ್ಮಕಜೆ ಮತ್ತು ಬೆಳ್ಳೂರು ಪರಿಸರ, ಕಾಸರಗೋಡು ಜಿಲ್ಲೆ