ಹೋಟೆಲಿನ ವಯಸ್ಸು ಹಳೆಯ ಬಿಲ್ಲಿನಲ್ಲಿದೆ

ಡಿಸೆಂಬರ್ ರಜೆಗೆ ತುಮಕೂರಿಗೆ ಹೊರಟಿರುವ ಸದಸ್ಯರಿಗೆ ಈ ಸಲ ಒಂದು ಕೆಲಸ ಒಪ್ಪಿಸುತ್ತಿದ್ದೇವೆ. ಮಂಡಿಪೇಟೆ, ಚಿಕ್ಕಪೇಟೆ, ಬಿ.ಎಚ್. ರಸ್ತೆ ಹೀಗೆ ಪೇಟೆಯ ನಡುವೆ, ಕೆಳಗೆ ಊಟ-ತಿಂಡಿ, ಮಹಡಿಯ ಮೇಲೆ ರೂಮು ಇಟ್ಟುಕೊಂಡು ನಡೆದ ಹಳೆಯ ಹೋಟೆಲುಗಳ ಚರಿತ್ರೆಯನ್ನು ಬರೆದುಕೊಂಡು ಬನ್ನಿ. ರಸ್ತೆ ಅಗಲ ಮಾಡುವಾಗ ಮೊದಲು ಒಡೆಯುವುದು ಮುಂಗಟ್ಟನ್ನು. ಬೋರ್ಡು, ಗಲ್ಲಾಪೆಟ್ಟಿಗೆ, ಗೋಡೆಯ ಮೇಲಿನ ದರಪಟ್ಟಿ ಎಲ್ಲ ಇರುವುದೂ ಅಲ್ಲೇ.

"ನೂರು ವರ್ಷದ ಹೋಟೆಲು" ಎಂದು ಯಾರಾದರೂ ಹೇಳಿದರೆ ಹಾಗೇ ಬರೆದುಕೊಳ್ಳಬೇಡಿ. ಕಟ್ಟಡ ಎಂದಿನದು, ಅಲ್ಲಿ ಒಲೆ ಹಚ್ಚಿದ್ದು ಎಂದು, ಈಗಿನ ಹೆಸರು ಬಂದದ್ದು ಎಂದು, ಈ ಮೂರನ್ನೂ ಬೇರೆ ಬೇರೆಯಾಗಿ ಕೇಳಿ.

ಎಲ್ಲಕ್ಕಿಂತ ನಂಬಬಹುದಾದ ಸಾಕ್ಷಿ ಹಳೆಯ ಬಿಲ್ಲು. ತಾರೀಖು ಹರಿದುಹೋಗಿದ್ದರೂ ಅಚ್ಚಾದ ಅಕ್ಷರವೇ ಕಾಲ ಹೇಳುತ್ತದೆ. ದರ ಆಣೆಯಲ್ಲಿದ್ದರೆ 1957ರ ಏಪ್ರಿಲ್ 1ಕ್ಕೆ ಹಿಂದಿನದು, ಇಲ್ಲವೇ ಅದರ ಆಸುಪಾಸಿನದು. "ನಯಾಪೈಸೆ" ಎಂದಿದ್ದರೆ 1957ರಿಂದ 1964ರ ನಡುವಿನ ಅಚ್ಚು. ಆಮೇಲೆ "ನಯಾ" ಬಿಟ್ಟುಹೋಯಿತು. ವಿಳಾಸದಲ್ಲಿ ಆರಂಕಿಯ ಪಿನ್‌ಕೋಡ್ ಇದ್ದರೆ 1972ರ ಆಗಸ್ಟ್ 15ರ ಈಚಿನದು. "ಮೈಸೂರು ರಾಜ್ಯ" 1973ರ ನವೆಂಬರ್ 1ರವರೆಗೆ. ಹನ್ನೊಂದಂಕಿಯ ಟಿನ್ (ವ್ಯಾಪಾರಿಯ ತೆರಿಗೆ ನೋಂದಣಿ ಸಂಖ್ಯೆ) 2005ರ ವ್ಯಾಟ್ ಕಾಲದ್ದು, ಹದಿನೈದು ಅಕ್ಷರ-ಅಂಕಿಗಳ ಜಿಎಸ್‌ಟಿ ಸಂಖ್ಯೆ 2017ರ ಜುಲೈಯಿಂದ.

ಇಲ್ಲಿ ಒಂದು ಎಚ್ಚರ ಬೇಕು. ಅಚ್ಚು ಹಾಕಿಸಿದ ಬಿಲ್‌ಬುಕ್ಕನ್ನು ಮುಗಿಯುವ ತನಕ ಬಳಸುವುದು ರೂಢಿ. ಆದ್ದರಿಂದ ಹೊಸ ಗುರುತು ಇದ್ದರೆ "ಇದಕ್ಕಿಂತ ಹಿಂದಿನದಲ್ಲ" ಎಂದು ಖಚಿತವಾಗಿ ಹೇಳಬಹುದು. ಹಳೆಯ ಗುರುತು ಇದೆಯೆಂದು "ಇದಕ್ಕಿಂತ ಈಚಿನದಲ್ಲ" ಎಂದು ಹೇಳಲು ಬರುವುದಿಲ್ಲ.

ಮಾಡಿನ ಹೆಂಚು ನೋಡಿ ಮೋಸಹೋಗುವವರೂ ಇದ್ದಾರೆ. ಕ್ರೈಸ್ತ ಮಿಷನರಿ ಸಂಸ್ಥೆಯಾದ ಬಾಸೆಲ್ ಮಿಷನ್‌ನ ಹೆಂಚಿನ ಮೇಲೆ 1865 ಎಂದಿದ್ದರೆ ಅದು ಮಂಗಳೂರಿನ ಕಾರ್ಖಾನೆ ಶುರುವಾದ ವರ್ಷ, ಆ ಹೆಂಚು ಸುಟ್ಟ ವರ್ಷವಲ್ಲ. "ಕಾಮನ್‌ವೆಲ್ತ್" ಮುದ್ರೆಯದು ಮೊದಲ ಮಹಾಯುದ್ಧದ ನಂತರ ಆ ಕಾರ್ಖಾನೆಗಳನ್ನು ವಹಿಸಿಕೊಂಡ ಕಂಪನಿಯದು. ಒಂದು ಕಡೆ ಕಳಚಿದ ಹೆಂಚನ್ನು ಇನ್ನೊಂದು ಕಡೆ ಹೊದಿಸುವುದೂ ಉಂಟು. ಹೆಂಚನ್ನು ಪೂರಕ ಸಾಕ್ಷಿಯಾಗಿ ಮಾತ್ರ ಇಟ್ಟುಕೊಳ್ಳಿ.

ಕಾಗದಪತ್ರಕ್ಕೆ ಉಪನೋಂದಣಿ ಕಚೇರಿಗೆ ಹೋಗುವವರಿಗೆ ಸಾಮಾನ್ಯವಾಗಿ ನಿರಾಸೆ ಕಾದಿರುತ್ತದೆ. ಇ.ಸಿ. (ಋಣಭಾರ ಪ್ರಮಾಣಪತ್ರ) ತೆಗೆಸಿದರೆ ಕಟ್ಟಡದ ಮಾಲೀಕರ ಹೆಸರು ಬರುತ್ತದೆ, ಹೋಟೆಲು ನಡೆಸಿದವರದು ಬರುವುದಿಲ್ಲ. ಅನೇಕ ಹೋಟೆಲುಗಳು ಬಾಡಿಗೆ ಕಟ್ಟಡದಲ್ಲಿದ್ದವು. 1908ರ ನೋಂದಣಿ ಕಾಯ್ದೆಯ ಪ್ರಕಾರ ಒಂದು ವರ್ಷ ಮೀರಿದ ಬಾಡಿಗೆ ಕರಾರಿಗೆ ನೋಂದಣಿ ಕಡ್ಡಾಯ, ಹನ್ನೊಂದು ತಿಂಗಳ ಕರಾರು ಅಲ್ಲಿಗೆ ತಲುಪುವುದೇ ಇಲ್ಲ. ಇದಕ್ಕೊಂದು ದಾರಿಯಿದೆ. ಪಕ್ಕದ ಮನೆ, ಎದುರಿನ ಅಂಗಡಿಯವರ ಹಳೆಯ ಕ್ರಯಪತ್ರ ತೋರಿಸುವಂತೆ ಕೇಳಿ, ಅದರ ಚೆಕ್ಕುಬಂದಿ (ನಾಲ್ಕು ದಿಕ್ಕಿನ ಗಡಿಯ ವಿವರ) ಓದಿ. "ಪೂರ್ವಕ್ಕೆ ಇಂಥವರ ಕಾಫಿ ಹೋಟೆಲು" ಎಂದು ಒಂದು ಸಾಲು ಸಿಕ್ಕರೆ, ಆ ಪತ್ರದ ತಾರೀಖಿಗೆ ಇಲ್ಲವೇ ಅದಕ್ಕೂ ಮೊದಲೇ ಹೋಟೆಲು ಅಲ್ಲಿತ್ತು ಎಂಬುದು ಖಚಿತ.

ಒಳಗೆ ಹೋದಾಗ ಬಾಗಿಲುಗಳನ್ನು ಎಣಿಸಿ. ಒಂದೇ ಅಡುಗೆಮನೆಗೆ ಎರಡು ಊಟದ ಕೋಣೆ ಇದ್ದರೆ, ಒಂದರ ಬಾಗಿಲು ಹಿಂಬದಿಗೋ ಓಣಿಗೋ ತೆರೆದಿದ್ದರೆ, ಕಾರಣ ಕೇಳಿ. ಅದು ಉಗ್ರಾಣವೂ ಆಗಿರಬಹುದು, ಜಾತಿಯಂತೆ ಕೂರಿಸುತ್ತಿದ್ದ ಕಾಲದ ಏರ್ಪಾಡೂ ಆಗಿರಬಹುದು. ಹೋಟೆಲಿಗೆ ಎಲ್ಲರಿಗೂ ಪ್ರವೇಶ ಎಂಬುದು 1950ರಲ್ಲಿ ಸಂವಿಧಾನದ 15ನೇ ವಿಧಿಯಿಂದ ಬಂತು. ತಡೆದವರಿಗೆ ಶಿಕ್ಷೆ ವಿಧಿಸುವ ಕಾಯ್ದೆ 1955ರದು. ಗೋಡೆ ಯಾವಾಗ ಒಡೆದರು, ಬಾಗಿಲು ಯಾವಾಗ ಮುಚ್ಚಿದರು ಎಂಬುದೂ ಹೋಟೆಲಿನ ಚರಿತ್ರೆಯೇ. ಮನೆಯವರಿಗೆ ಮುಜುಗರವಾದೀತೆಂದು ಇದನ್ನು ಬಿಟ್ಟುಬಿಟ್ಟರೆ ಬರೆದದ್ದು ಜಾಹೀರಾತಾಗುತ್ತದೆ.

ಬಣ್ಣದಡಿ ಮುಚ್ಚಿಹೋದ ಹೆಸರನ್ನು ಓದಲು ಕೆರೆಯಬೇಡಿ, ನೀರು ಹಚ್ಚಬೇಡಿ. ಸುಣ್ಣದ ಪದರ ಎದ್ದುಬರುತ್ತದೆ. ಕತ್ತಲಾದ ಮೇಲೆ ಟಾರ್ಚನ್ನು ಗೋಡೆಗೆ ಒರಗಿಸಿದಂತೆ ಓರೆಯಾಗಿ ಹಿಡಿದರೆ ಅಕ್ಷರದ ಅಂಚು ನೆರಳಾಗಿ ಮೂಡುತ್ತದೆ. ರೋಕಡಿ ಪುಸ್ತಕ, ಲಾಡ್ಜಿಂಗ್ ರಿಜಿಸ್ಟರುಗಳನ್ನು ಕಿಟಕಿಯ ಬೆಳಕಿನಲ್ಲಿ ಫ್ಲ್ಯಾಶ್ ಇಲ್ಲದೆ, ಪಕ್ಕದಲ್ಲಿ ಸ್ಕೇಲ್ ಇಟ್ಟು ಫೋಟೋ ತೆಗೆಯಿರಿ. ಲ್ಯಾಮಿನೇಷನ್ ಮಾತ್ರ ಬೇಡ. ಒಮ್ಮೆ ಅಂಟಿದ ಪ್ಲಾಸ್ಟಿಕ್ಕನ್ನು ಕಾಗದ ಹಾಳಾಗದಂತೆ ಬಿಡಿಸಲಾಗದು. ಈಚಿನ ಥರ್ಮಲ್ ಬಿಲ್ಲಾದರೆ ಆ ಬಿಸಿಗೆ ಪೂರ್ತಿ ಕಪ್ಪಾಗುತ್ತದೆ. ರಿಜಿಸ್ಟರಿನಲ್ಲಿರುವ ತಂಗಿದವರ ಹೆಸರುಗಳನ್ನು ನಾವು ಅಚ್ಚು ಹಾಕುವುದಿಲ್ಲ; ಯಾವ ಊರಿನವರು, ಯಾವ ಕೆಲಸಕ್ಕೆ ಬಂದವರು ಎಂಬಷ್ಟನ್ನು ಬರೆದುಕೊಂಡರೆ ಸಾಕು.

ಕಡೆಯಲ್ಲಿ ಅಡುಗೆಯವರ ಹತ್ತಿರ ಕೂತು ಕೇಳಿ: ಸೌದೆ ಒಲೆ ತೆಗೆದು ಗ್ಯಾಸ್ ಇಟ್ಟದ್ದು ಯಾವಾಗ, ಒರಳಿನ ಜಾಗಕ್ಕೆ ಗ್ರೈಂಡರ್ ಬಂದದ್ದು ಯಾವಾಗ. ವರ್ಷ ನೆನಪಿಲ್ಲದಿದ್ದರೆ, ಆಗ ಇಡ್ಲಿಗೆ ಎಷ್ಟು ದುಡ್ಡಿತ್ತು ಎನ್ನಿ. ಆ ದರವನ್ನು ಹಳೆಯ ಬಿಲ್ಲುಗಳಲ್ಲಿ ಹುಡುಕಿ.