ಸಣ್ಣ ಎಸ್‌ಯುವಿ ನೋಡುತ್ತಿರುವವರಿಗೆ

ಎಲ್ಲರಿಗೂ ನಮಸ್ಕಾರ. ಮನೆಮಂದಿಗೆ ಸಣ್ಣ ಎಸ್‌ಯುವಿ ಸಾಕಾಗುತ್ತಾ ಅಂತ ಗುಂಪಿನಲ್ಲಿ ಮೂರ್ನಾಲ್ಕು ಜನ ಕೇಳಿದ್ದೀರಿ. ನಾನಂತೂ ಧೈರ್ಯವಾಗಿ ತಗೊಳ್ಳಿ ಅಂತೀನಿ.

ಕಾರಣ ನಮ್ಮ ಅವ್ವ. ಹಳೇ ಕಾರಿನಿಂದ ಇಳಿಯುವಾಗ ಒಂದು ಕೈ ಬಾಗಿಲಿಗೆ, ಇನ್ನೊಂದು ನನ್ನ ಹೆಗಲಿಗೆ ಕೊಟ್ಟು 'ಯವ್ವಾ' ಅಂತ ಏಳುತ್ತಿದ್ದಳು. ಈಗ ತಗೊಂಡಿರುವ ಸಣ್ಣ ಎಸ್‌ಯುವಿಯಲ್ಲಿ ಸೀಟು ಸೊಂಟದ ಎತ್ತರಕ್ಕಿದೆ. ಸುಮ್ನೆ ಕೂತು ಕಾಲು ಒಳಗೆ ತಗೊಳ್ಳುತ್ತಾಳೆ. ಹಾಗಾಗಿ ಶೋರೂಮಿಗೆ ಹಿರಿಯರನ್ನೂ ಕರ್ಕೊಂಡು ಹೋಗಿ. ಎರಡು ಮೂರು ಸಲ ಹತ್ತಿಸಿ, ಇಳಿಸಿ ನೋಡಿ. ಹಿಂದಿನ ಸೀಟಿನಲ್ಲಿ ಮೂರು ಜನ ಒಟ್ಟಿಗೆ ಕೂತು ನೋಡಿ.

ಉದ್ದ 4 ಮೀಟರ್ ಒಳಗೆ, ಎಂಜಿನ್ ಪೆಟ್ರೋಲ್ ಆದರೆ 1200 ಸಿಸಿ, ಡೀಸೆಲ್ ಆದರೆ 1500 ಸಿಸಿ ಒಳಗಿದ್ದರೆ ಜಿಎಸ್‌ಟಿ ಶೇ. 18 ಮಾತ್ರ. 2025ರ ಸೆಪ್ಟೆಂಬರ್ 22ರಿಂದ ಹೀಗಾಗಿದೆ. ಅದಕ್ಕಿಂತ ದೊಡ್ಡದಕ್ಕೆ ಶೇ. 40. ವ್ಯತ್ಯಾಸ ಜಾಸ್ತಿ ಅಲ್ವಾ?

ಗಾಡಿಯ ತಳ ನೆಲದಿಂದ ಎಷ್ಟು ಎತ್ತರ ಇದೆ ಅಂತಲೂ ಕೇಳಿ. ಟಾಟಾ ನೆಕ್ಸಾನ್ 208 ಮಿ.ಮೀ., ಮಾರುತಿ ಬ್ರೆಝಾ 198. ಸಂಡೂರು ಕಡೆ ಅದಿರು ಲಾರಿ ಓಡಾಡುವ ರಸ್ತೆಯಲ್ಲಿ ಅದರ ಬೆಲೆ ಗೊತ್ತಾಗುತ್ತದೆ.

ಸಿಎನ್‌ಜಿ ಬೇಕು ಅನ್ನುವವರು ಡಿಕ್ಕಿ ತೆಗೆಸಿ ನೋಡಿ. ಕೆಲವದರಲ್ಲಿ ಸಿಲಿಂಡರೇ ಅರ್ಧ ಜಾಗ ತಿನ್ನುತ್ತದೆ. ಹುಲಿಗಿಗೆ ಹುಲಿಗೆಮ್ಮನ ದರ್ಶನಕ್ಕೆ ಹೊರಟರೆ ಬುತ್ತಿ, ಚಾಪೆ, ನೀರಿನ ಕ್ಯಾನು ಎಲ್ಲಿ ಇಡುತ್ತೀರಿ?

ಟೆಸ್ಟ್ ಡ್ರೈವನ್ನು ಮಧ್ಯಾಹ್ನ ಒಂದು ಗಂಟೆಗೆ ಕೇಳಿ. ನಮ್ಮ ಬಳ್ಳಾರಿ ಬಿಸಿಲಿಗೆ ಹಿಂದಿನ ಸೀಟಿನವರಿಗೆ ಎಸಿ ತಲುಪುತ್ತದಾ ಅಂತ ಆಗಲೇ ತಿಳಿಯುವುದು.

ಭಾನುವಾರ ನಮ್ಮ ಗಾಡಿ ಮನೆ ಮುಂದೆಯೇ ಇರುತ್ತದೆ. ಅಪ್ಪ ಅವ್ವನನ್ನು ಕರ್ಕೊಂಡು ಬಂದು ಹತ್ತಿ ನೋಡಿ.