ಡಾಲ್‌ಹೌಸಿಯ ಮನೆಯಲ್ಲೂ ಗಂಡು ಮಕ್ಕಳಿರಲಿಲ್ಲ

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಪತ್ರಿಕೆಯಲ್ಲಿ ಕಿತ್ತೂರಿನ ಬಗ್ಗೆ ಬಂದ ಲೇಖನ ಚೆನ್ನಾಗಿತ್ತು. ಒಂದು ಕಡೆ ಮಾತ್ರ ಎಡವಿದೆ. ರಾಣಿ ಚೆನ್ನಮ್ಮನ ದತ್ತುಪುತ್ರನ ಹಕ್ಕು ಕಿತ್ತುಕೊಂಡವನು ಬ್ರಿಟಿಷ್ ಗವರ್ನರ್ ಜನರಲ್ ಲಾರ್ಡ್ ಡಾಲ್‌ಹೌಸಿ ಎಂದು ಬರೆದಿದ್ದಾರೆ. ಕಿತ್ತೂರಿನ ಯುದ್ಧ ನಡೆದದ್ದು 1824ರಲ್ಲಿ. ಡಾಲ್‌ಹೌಸಿ ಹುಟ್ಟಿದ್ದು 1812ರಲ್ಲಿ. ಆಗಿನ್ನೂ ಅವನು ಪಾಟಿಚೀಲದ ವಯಸ್ಸಿನ ಹುಡುಗ! ಮೂವತ್ತು ವರ್ಷ ಉತ್ತರಪತ್ರಿಕೆಗಳಲ್ಲಿ ಇದೇ ತಪ್ಪಿಗೆ ಕೆಂಪು ಗೆರೆ ಎಳೆದವನು ನಾನು. ಕೈ ಸುಮ್ನೆ ಇರಲಿಲ್ಲ, ಬರೆಯುತ್ತಿದ್ದೇನೆ.

ಹೆತ್ತ ಗಂಡುಮಗನಿಲ್ಲದೆ ಅರಸ ಸತ್ತರೆ ದತ್ತು ಒಪ್ಪದೆ ಸಂಸ್ಥಾನ ಕಿತ್ತುಕೊಳ್ಳುವ ಚಾಳಿ ಈಸ್ಟ್ ಇಂಡಿಯಾ ಕಂಪನಿಗೆ ಮೊದಲೇ ಇತ್ತು. ಅದನ್ನೇ ಪಟ್ಟು ಹಿಡಿದು ಸಾತಾರಾ, ಝಾನ್ಸಿ, ನಾಗಪುರ ಎಂದು ಒಂದೊಂದಾಗಿ ನುಂಗಿದವನು ಡಾಲ್‌ಹೌಸಿ. ನಮ್ಮ ಕಡೆಯವರು ಅವನ ಮೇಲೆ ಸಿಟ್ಟಾಗಬೇಕಾದರೆ ನರಗುಂದ ಇದೆಯಲ್ಲ. ಅಲ್ಲಿನ ಅರಸ ಬಾಬಾಸಾಹೇಬನಿಗೂ ದತ್ತು ತೆಗೆದುಕೊಳ್ಳಲು ಬಿಡಲಿಲ್ಲ. 1858ರಲ್ಲಿ ಅವನು ತಿರುಗಿಬಿದ್ದ. ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು. ಅಷ್ಟು ಹೊತ್ತಿಗೆ ಡಾಲ್‌ಹೌಸಿ ಊರು ಸೇರಿ ಎರಡು ವರ್ಷವಾಗಿತ್ತು.

ಆ ಊರಿನ, ಆ ಮನೆಯ ಕಥೆ ನಮ್ಮ ಪುಸ್ತಕಗಳಲ್ಲಿ ಬರುವುದಿಲ್ಲ. ಅವನು ತಂದ ರೈಲು, ತಂತಿ, ಅಂಚೆ ಎಂದು ಮುಗಿಸಿಬಿಡುತ್ತೇವೆ. ಎಡಿನ್‌ಬರೋ ಹತ್ತಿರದ ಡಾಲ್‌ಹೌಸಿ ಕೋಟೆ ರ‍್ಯಾಮ್ಸೆ ಮನೆತನದ್ದಾಗಿತ್ತು. ಆ ಮನೆಗೆ ಇವನು ಮೂರನೆಯ ಮಗ. ಅಣ್ಣಂದಿರಿಬ್ಬರೂ ತೀರಿಕೊಂಡದ್ದರಿಂದ ಮನೆತನದ ಅರ್ಲ್ ಪದವಿ ಇವನ ಪಾಲಿಗೆ ಬಂತು. ಅಪ್ಪ ಕೆನಡಾ ಆಳಿದವನು, ಭಾರತದಲ್ಲಿ ಸೇನಾಪತಿಯಾಗಿದ್ದವನು. ಹೆಂಡತಿಯ ಅಪ್ಪ ಟ್ವೀಡೇಲ್ ಮದ್ರಾಸಿನ ಗವರ್ನರ್. ನೆಂಟಸ್ತಿಕೆಯಲ್ಲೇ ಅರ್ಧ ಸಾಮ್ರಾಜ್ಯ ಅನ್ನಿ.

ತಾಯಿ ಕ್ರಿಶ್ಚಿಯನ್ ಬ್ರೌನ್ ಗಿಡಮರಗಳ ಅಭ್ಯಾಸ ಮಾಡಿದವಳು. ಕೋಲ್‌ಸ್ಟನ್ ಎಂಬ ಆಸ್ತಿಗೆ ಅವಳೇ ವಾರಸುದಾರಳು. ಆ ಮನೆಯಲ್ಲಿ ಒಂದು ಮಂತ್ರದ ಪೇರ್ ಹಣ್ಣಿದೆಯಂತೆ. ಹಿಂದೆ ಒಬ್ಬ ಮಂತ್ರವಾದಿ ಮಗಳ ಮದುವೆಗೆ ಕೊಟ್ಟದ್ದು. ಅದು ಜೋಪಾನವಾಗಿರುವವರೆಗೆ ಮನೆಗೆ ಕೇಡಿಲ್ಲ ಎಂಬ ನಂಬಿಕೆ. ಹೀಗಾಗಿ ಒಣಗಿ ಗೊರಟಾದ ಹಣ್ಣನ್ನು ಡಬ್ಬಿಯಲ್ಲಿಟ್ಟು ಕಾಪಾಡುತ್ತಾ ಬಂದರು. ನಮ್ಮ ಅಜ್ಜಿಯರು ದೇವರ ಕೋಣೆಯಲ್ಲಿ ಬಲಮುರಿ ಶಂಖ ಇಟ್ಟಂತೆ, ಅಲ್ವಾ?

ಡಾಲ್‌ಹೌಸಿಗೆ ಮಕ್ಕಳು ಇಬ್ಬರೇ, ಸೂಸನ್ ಮತ್ತು ಈಡಿತ್. ಇಬ್ಬರೂ ಹೆಣ್ಣು. ಹೆಂಡತಿ 1853ರ ಮೇ ತಿಂಗಳಲ್ಲಿ ಭಾರತದಿಂದ ಊರಿಗೆ ಹೋಗುವಾಗ ಹಡಗಿನಲ್ಲೇ ತೀರಿಕೊಂಡಳು. ಅದೇ ವರ್ಷ ನವೆಂಬರಿನಲ್ಲಿ ಝಾನ್ಸಿಯ ಗಂಗಾಧರ ರಾವ್ ಸತ್ತ. ಸಾಯುವ ಮೊದಲು ಅವನು ಒಂದು ಮಗುವನ್ನು ದತ್ತು ತೆಗೆದುಕೊಂಡಿದ್ದ. ಮನೆಯಲ್ಲಿ ಸಾವು ಕಂಡ ಮನುಷ್ಯ ಆ ಕಾಗದಗಳನ್ನು ಓದುವಾಗ ಒಂದು ಗಳಿಗೆಯಾದರೂ ತಡೆದಿದ್ದನೇ? ನನಗೇನೋ ಅನುಮಾನ.

ಇನ್ನೊಂದು ವಿಷಯ. ದತ್ತು ಎಂಬುದೇ ಅವನ ನಾಡಿನ ಕಾಯಿದೆಯಲ್ಲಿ ಇರಲಿಲ್ಲ. ಸ್ಕಾಟ್ಲೆಂಡಿನಲ್ಲಿ ದತ್ತು ಕಾನೂನು ಬಂದದ್ದು 1930ರಲ್ಲಿ. ಗೊತ್ತಿಲ್ಲದ ಆಟಕ್ಕೆ ಅವನು ಅಂಪೈರ್ ಆಗಿದ್ದ.

1860ರ ಡಿಸೆಂಬರ್ 19ರಂದು ಅವನು ಸತ್ತಾಗ ವಯಸ್ಸು 48. ಪಂಜಾಬ್ ಗೆದ್ದದ್ದಕ್ಕೆ 1849ರಲ್ಲಿ ಕೊಟ್ಟಿದ್ದ ಮಾರ್ಕ್ವಿಸ್ ಬಿರುದು, ಗಂಡು ಸಂತಾನ ಇಲ್ಲವೆಂದು ಅಲ್ಲಿಗೇ ಮುಗಿಯಿತು. ಹನ್ನೊಂದು ವರ್ಷದ ಆಯುಸ್ಸು. 1633ರಿಂದ ಬಂದಿದ್ದ ಅರ್ಲ್ ಪದವಿ ದಾಯಾದಿ ಫಾಕ್ಸ್ ಮೌಲ್‌ಗೆ ಹೋಯಿತು. ಅವನಿಗೆ ಮಕ್ಕಳೇ ಇರಲಿಲ್ಲ. 1874ರಲ್ಲಿ ಅದು ಮತ್ತೊಬ್ಬ ದಾಯಾದಿಯ ಕೈಗೆ ಬಂತು. ಬಿರುದಿನ ನಿಯಮ ಬೇರೆ, ಸಂಸ್ಥಾನದ ಪ್ರಶ್ನೆ ಬೇರೆ ಎಂದು ವಕೀಲರು ಹೇಳಬಹುದು. ಹೇಳಲಿ. ಲಕ್ಷ್ಮೀಬಾಯಿ ಬದುಕಿದ್ದರೆ ನಗುತ್ತಿದ್ದಳು.

ತಾಯಿಯ ಕೋಲ್‌ಸ್ಟನ್ ಮಾತ್ರ ಹಿರಿಮಗಳು ಸೂಸನ್‌ಗೆ ಬಂತು. ಅವಳ ಗಂಡ ಕಾನಿಮಾರಾ 1886ರಿಂದ 1890ರವರೆಗೆ ಮದ್ರಾಸಿನ ಗವರ್ನರ್. ಚೆನ್ನೈನ ಕಾನಿಮಾರಾ ಗ್ರಂಥಾಲಯಕ್ಕೆ ಅವನದೇ ಹೆಸರು. ಅವಳು 1890ರಲ್ಲಿ ಅವನಿಂದ ವಿಚ್ಛೇದನ ಪಡೆದಳು. ಆ ಕಾಲಕ್ಕೆ ಅದು ಸಣ್ಣ ಮಾತಲ್ಲ. ಈಡಿತ್‌ಳ ಗಂಡ ಜೇಮ್ಸ್ ಫರ್ಗ್ಯುಸನ್. ಪುಣೆಯ ಕಾಲೇಜಿನ ಫರ್ಗ್ಯುಸನ್ ಇವನೇ. ಅವನು 1880ರಲ್ಲಿ ಮುಂಬೈ ಗವರ್ನರ್ ಆಗುವ ಹೊತ್ತಿಗೆ ಈಡಿತ್ ಇರಲಿಲ್ಲ. 1871ರಲ್ಲೇ ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿ ತೀರಿಕೊಂಡಿದ್ದಳು. ನರಗುಂದವೂ ಸೇರಿದ್ದ ನಮ್ಮ ಧಾರವಾಡ ಜಿಲ್ಲೆ ಆಗ ಮುಂಬೈ ಪ್ರಾಂತ್ಯದಲ್ಲಿತ್ತು. ಅಂದರೆ ನರಗುಂದದ ಜನ ಐದು ವರ್ಷ ಡಾಲ್‌ಹೌಸಿಯ ಅಳಿಯನ ಆಳ್ವಿಕೆಯಲ್ಲಿದ್ದರು.

ಕಿತ್ತೂರಿನ ಆ ಸಾಲಿಗೆ ದಯವಿಟ್ಟು ಒಂದು ತಿದ್ದುಪಡಿ ಹಾಕಿ. ಪರೀಕ್ಷೆ ಹತ್ತಿರ ಬಂತು, ಮಕ್ಕಳು ಪತ್ರಿಕೆ ನೋಡಿ ಬರೆಯುತ್ತಾರೆ.

ಇಂತಿ,
ನಿವೃತ್ತ ಇತಿಹಾಸ ಶಿಕ್ಷಕ,
ಧಾರವಾಡ